ಇಂಕಾ ಗೋಡೆಯಿಂದ ಬಂಕಾಪುರದ ಕಂಬದವರೆಗೆ

(ಗೊಟಗೋಡಿಯಲ್ಲಿ ನಡೆದ ಸಂಘದ ವಿದ್ಯಾರ್ಥಿ ಶಿಬಿರದಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದು ಬೆಳಿಗ್ಗೆ ನೀವೆಲ್ಲ ಇಲ್ಲಿನ ಉತ್ಸವ ರಾಕ್ ಗಾರ್ಡನ್ ನೋಡಿ ಬಂದಿದ್ದೀರಿ. ಕಲಾವಿದ ಟಿ.ಬಿ. ಸೊಲಬಕ್ಕನವರ ಅವರ ಕಲ್ಪನೆಯಲ್ಲಿ ಅರಳಿದ ತೋಟ ಅದು. ಪಕ್ಕದಲ್ಲೇ 2011ರಲ್ಲಿ ಸ್ಥಾಪನೆಯಾದ ಜಾನಪದ ವಿಶ್ವವಿದ್ಯಾಲಯವಿದೆ. ತೋಟದ ಹೆಸರಿನಲ್ಲಿ ರಾಕ್ ಇದ್ದರೂ ಅಲ್ಲಿರುವ ಎತ್ತು, ರೈತ, ಹಳ್ಳಿಯ ಕಸುಬುದಾರರ ಆಕೃತಿಗಳು ಸಿಮೆಂಟಿನವು. ಸಿಮೆಂಟು ಮೆತ್ತಗಿದ್ದಾಗ ಕೈಮಾತು ಕೇಳುತ್ತದೆ. ಬೇಕಾದ ಆಕಾರ ಕೊಟ್ಟು ಗಟ್ಟಿಯಾಗಲು ಬಿಡಬಹುದು. ಕಲ್ಲು ಹಾಗಲ್ಲ. ಅದು ಮೊದಲೇ ಗಟ್ಟಿ. ಅದರಿಂದ ಕಳೆಯಬಹುದೇ ಹೊರತು ಅದಕ್ಕೆ ಕೂಡಿಸಲು ಬರುವುದಿಲ್ಲ. ಒಂದು ಪೆಟ್ಟು ಹೆಚ್ಚಾದರೆ ತಿಂಗಳ ಕೆಲಸ ವ್ಯರ್ಥ. ಇಂಥ ಕಲ್ಲನ್ನು ನಮ್ಮ ಹಿಂದಿನವರು ಹೇಗೆ ಪಳಗಿಸಿದರು ಎಂಬುದೇ ಇವತ್ತಿನ ನನ್ನ ವಿಷಯ. ದೂರದ ಪೆರು ದೇಶದಿಂದ ಆರಂಭಿಸಿ ಅರ್ಧ ಗಂಟೆಯ ದಾರಿಯ ಬಂಕಾಪುರಕ್ಕೆ ಬಂದು ನಿಲ್ಲುತ್ತೇನೆ.

ಇಂಕಾ ಜನರ ಗೋಡೆಗಳು

ದಕ್ಷಿಣ ಅಮೆರಿಕದ ಪೆರು ದೇಶದಲ್ಲಿ ಆಂಡೀಸ್ ಪರ್ವತಗಳ ನಡುವೆ ಕುಸ್ಕೊ ಎಂಬ ನಗರವಿದೆ. ಅದು ಇಂಕಾ ಸಾಮ್ರಾಜ್ಯದ ರಾಜಧಾನಿಯಾಗಿತ್ತು. ಅದರ ಮೇಲಿನ ಗುಡ್ಡದಲ್ಲಿ ಸಾಕ್ಸಾವಾಮನ್ ಎಂಬ ಕೋಟೆಯಂಥ ಕಟ್ಟಡದ ಅವಶೇಷವಿದೆ. ಅಲ್ಲಿನ ಗೋಡೆಯ ಅತಿ ದೊಡ್ಡ ಕಲ್ಲುಗಳ ತೂಕ ನೂರು ಟನ್ನಿಗೂ ಹೆಚ್ಚೆಂದು ಅಂದಾಜು. ಕಲ್ಲುಗಳು ಇಟ್ಟಿಗೆಯಂತೆ ಒಂದೇ ಅಳತೆಯವಲ್ಲ. ಒಂದಕ್ಕೆ ಐದು ಮೂಲೆ, ಇನ್ನೊಂದಕ್ಕೆ ಏಳು. ಕುಸ್ಕೊ ನಗರದ ಒಂದು ಓಣಿಯ ಗೋಡೆಯಲ್ಲಿ ಹನ್ನೆರಡು ಮೂಲೆಗಳ ಕಲ್ಲೊಂದಿದೆ. ಸುತ್ತಲಿನ ಕಲ್ಲುಗಳೆಲ್ಲ ಅದಕ್ಕೆ ಕೂದಲೆಳೆಯಷ್ಟೂ ಸಂದು ಬಿಡದೆ ಒತ್ತಿ ಕುಳಿತಿವೆ. ನಡುವೆ ಸುಣ್ಣವಿಲ್ಲ, ಗಾರೆಯಿಲ್ಲ.

ಅಲ್ಲಿಂದ ಮುಂದೆ ಬೆಟ್ಟದ ಭುಜದ ಮೇಲೆ, ಸಮುದ್ರಮಟ್ಟದಿಂದ ಸುಮಾರು 2,400 ಮೀಟರ್ ಎತ್ತರದಲ್ಲಿ ಮಾಚು ಪಿಚು ಇದೆ. ಹದಿನೈದನೆಯ ಶತಮಾನದಲ್ಲಿ ಪಚಕೂಟಿ ಎಂಬ ಇಂಕಾ ಅರಸನ ಕಾಲದಲ್ಲಿ ಕಟ್ಟಿದ್ದು. ಅಮೆರಿಕದ ಹೈರಮ್ ಬಿಂಗಮ್ 1911ರಲ್ಲಿ ಅಲ್ಲಿಗೆ ಹೋಗಿ ಬಂದು ಬರೆದ ಮೇಲೆ ಜಗತ್ತಿಗೆ ಅದರ ಹೆಸರು ತಿಳಿಯಿತು. ಅಲ್ಲಿನ ರೈತರಿಗೆ ಅದು ಮೊದಲೇ ಗೊತ್ತಿತ್ತು. ಬಿಂಗಮ್ ಹೋದಾಗ ಒಂದೆರಡು ಕುಟುಂಬಗಳು ಆ ಮೆಟ್ಟಿಲು ಹೊಲಗಳಲ್ಲಿ ಬೆಳೆ ತೆಗೆಯುತ್ತಿದ್ದವು.

ಆಂಡೀಸ್ ಪ್ರದೇಶದಲ್ಲಿ ಭೂಕಂಪ ಪದೇ ಪದೇ ಆಗುತ್ತದೆ. 1950ರಲ್ಲಿ ಕುಸ್ಕೊದಲ್ಲಿ ದೊಡ್ಡ ಭೂಕಂಪವಾಯಿತು. ಸ್ಪೇನಿನವರು ಇಂಕಾ ದೇಗುಲವೊಂದರ ತಳಪಾಯದ ಮೇಲೆಯೇ ತಮ್ಮ ಮಠವನ್ನು ಕಟ್ಟಿದ್ದರು. ಮೇಲಿನ ಕಟ್ಟಡ ಬಹಳಷ್ಟು ಕುಸಿಯಿತು. ಕೆಳಗಿನ ಇಂಕಾ ಗೋಡೆ ನಿಂತಿತು. ಇದಕ್ಕೆ ಕಾರಣಗಳಿವೆ. ಗೋಡೆಗಳು ನೆಟ್ಟಗೆ ನಿಲ್ಲದೆ ತುಸು ಒಳಕ್ಕೆ ವಾಲಿವೆ. ಬಾಗಿಲುಗಳು ಕೆಳಗೆ ಅಗಲ, ಮೇಲೆ ಕಿರಿದು. ಗಾರೆ ಇಲ್ಲದ್ದರಿಂದ ನೆಲ ನಡುಗಿದಾಗ ಕಲ್ಲುಗಳು ಕೊಂಚ ಅಲುಗಿ ಮತ್ತೆ ತಮ್ಮ ಜಾಗದಲ್ಲೇ ಕೂರುತ್ತವೆ.

ಇದನ್ನು ಮಾಡಿದವರ ಬಳಿ ಕಬ್ಬಿಣದ ಉಳಿ ಇರಲಿಲ್ಲ. ಗಾಡಿ ಇರಲಿಲ್ಲ. ಎಳೆಯಲು ಎತ್ತು, ಕುದುರೆಗಳೂ ಇರಲಿಲ್ಲ. ಅಲ್ಲಿನ ಲಾಮಾ ಎಂಬ ಪ್ರಾಣಿ ಸಣ್ಣ ಹೊರೆ ಹೊರಬಲ್ಲದೇ ಹೊರತು ಬಂಡೆ ಎಳೆಯಲಾರದು. ಆದ್ದರಿಂದಲೇ ಇಂದು ಮೊಬೈಲಿನಲ್ಲಿ ಬಗೆಬಗೆಯ ಕಥೆಗಳು ಹರಿದಾಡುತ್ತವೆ. ಬೇರೆ ಗ್ರಹದವರು ಬಂದು ಕಟ್ಟಿದರಂತೆ. ಕಲ್ಲನ್ನು ಕರಗಿಸುವ ಗಿಡದ ರಸ ಅವರಿಗೆ ಗೊತ್ತಿತ್ತಂತೆ. ನಿಮ್ಮಲ್ಲಿ ಬಹಳ ಮಂದಿ ಇಂಥ ವಿಡಿಯೋಗಳನ್ನು ನೋಡಿರುತ್ತೀರಿ, ಕೆಲವರು ನಂಬಿಯೂ ಇರಬಹುದು.

ನಿಜ ಸಂಗತಿ ಇದಕ್ಕಿಂತ ದೊಡ್ಡದು. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಪ್ರಾಧ್ಯಾಪಕ ಜಾನ್ ಪಿಯರ್ ಪ್ರೋಟ್ಸೆನ್ ಪೆರುವಿನ ಹಳೆಯ ಕಲ್ಲುಗಣಿಗಳಲ್ಲಿ ಅಲೆದರು. ಅಲ್ಲಿ ಬಿದ್ದಿದ್ದ ದುಂಡನೆಯ ಗಟ್ಟಿ ಕಲ್ಲುಗಳನ್ನು ಗಮನಿಸಿದರು. ಅವು ಆ ಗಣಿಯ ಕಲ್ಲುಗಳಲ್ಲ, ಹೊಳೆಯ ದಂಡೆಯಿಂದ ತಂದವು. ಅವೇ ಇಂಕಾ ಕೆಲಸಗಾರರ ಸುತ್ತಿಗೆಗಳು. ಪ್ರೋಟ್ಸೆನ್ ಅಂಥದೇ ಒಂದು ಗುಂಡುಕಲ್ಲನ್ನು ಕೈಯಲ್ಲಿ ಹಿಡಿದು ಬಂಡೆಯ ಚೂರೊಂದನ್ನು ಕುಟ್ಟಲು ಕುಳಿತರು. ಎರಡು ಗಂಟೆಗೂ ಕಡಿಮೆ ಸಮಯದಲ್ಲಿ ಅದರ ಕೆಲವು ಮುಖಗಳು ಸಮನಾದವು, ಅಂಚುಗಳು ಮೂಡಿದವು. ಆಮೇಲೆ ಇಂಕಾ ಗೋಡೆಯ ಕಲ್ಲುಗಳನ್ನು ಹತ್ತಿರದಿಂದ ನೋಡಿದರೆ ಅದೇ ಗುರುತುಗಳು. ಕಲ್ಲಿನ ನಡುವಿನ ಮೈಮೇಲೆ ದೊಡ್ಡ ಕುಳಿಗಳು, ಅಂಚಿನ ಹತ್ತಿರ ಸಣ್ಣ ಕುಳಿಗಳು. ನಡುವೆ ದೊಡ್ಡ ಸುತ್ತಿಗೆ, ಅಂಚಿಗೆ ಸಣ್ಣ ಸುತ್ತಿಗೆ. ಕೆಳಗಿನ ಕಲ್ಲಿಗೆ ಮೇಲಿನ ಕಲ್ಲನ್ನು ಇಟ್ಟು ನೋಡುವುದು, ಎಲ್ಲಿ ತಗಲುತ್ತದೋ ಅಲ್ಲಿ ಕುಟ್ಟುವುದು, ಮತ್ತೆ ಇಡುವುದು. ಬಡಗಿ ಬಾಗಿಲನ್ನು ಚೌಕಟ್ಟಿಗೆ ಕೂರಿಸುವಾಗ ಮಾಡುವುದೂ ಇದನ್ನೇ.

ಒಯ್ಯಾಂಟಾಯ್‌ಟಾಂಬೊ ಎಂಬ ಊರಿನಲ್ಲಿ ನದಿಯಾಚೆಯ ಬೆಟ್ಟದ ಗಣಿಯಿಂದ ಕಲ್ಲುಗಳನ್ನು ಹಗ್ಗ ಕಟ್ಟಿ ಎಳೆದು ತರುತ್ತಿದ್ದರು. ಕೆಲವು ಬಂಡೆಗಳು ದಾರಿಯಲ್ಲೇ ಉಳಿದುಬಿಟ್ಟಿವೆ. ಅಲ್ಲಿನ ಜನ ಅವನ್ನು ದಣಿದ ಕಲ್ಲುಗಳು ಎಂದು ಕರೆಯುತ್ತಾರೆ. ದಾರಿಯಲ್ಲಿ ಬಿದ್ದಿರುವ ಆ ಕಲ್ಲುಗಳೇ ಸಾಕ್ಷಿ. ಆಕಾಶದಿಂದ ಬಂದವರು ತಂದಿದ್ದರೆ ಅವು ಅರ್ಧ ದಾರಿಯಲ್ಲಿ ದಣಿಯುತ್ತಿರಲಿಲ್ಲ. ಸಾವಿರಾರು ರೈತರು ವರ್ಷದ ಸರದಿಯಂತೆ ಅರಸನಿಗೆ ದುಡಿಮೆ ಕೊಡುತ್ತಿದ್ದರು. ಅವರ ರಟ್ಟೆ, ಅವರ ಹಗ್ಗ, ಅವರ ತಾಳ್ಮೆ ಆ ಗೋಡೆಯಲ್ಲಿವೆ. ಬೇರೆ ಯಾರೋ ಕಟ್ಟಿದರು ಎಂದು ಹೇಳಿದರೆ ಆ ಬಡವರ ಕೂಲಿಯನ್ನು ಎರಡನೆಯ ಸಲ ಕಸಿದುಕೊಂಡಂತೆ.

ಅದೇ ಕಾಲದ ನಮ್ಮ ಹಂಪಿ

ಈಗ ಭೂಗೋಳದ ಈ ಬದಿಗೆ ಬರೋಣ. ಪಚಕೂಟಿ ಕುಸ್ಕೊದಲ್ಲಿ ಆಳುತ್ತಿದ್ದ ಹದಿನೈದನೆಯ ಶತಮಾನದಲ್ಲೇ ತುಂಗಭದ್ರೆಯ ದಂಡೆಯ ವಿಜಯನಗರ ಏಳಿಗೆಯಲ್ಲಿತ್ತು. ಎರಡನೆಯ ದೇವರಾಯ 1424ರಿಂದ 1446ರವರೆಗೆ ಆಳಿದ. ಈ ಎರಡು ನಾಡುಗಳಿಗೆ ಪರಸ್ಪರ ಗೊತ್ತೇ ಇರಲಿಲ್ಲ. ನಡುವೆ ಎರಡು ಮಹಾಸಾಗರಗಳು. ಆದರೂ ಹಂಪಿಯ ಕೋಟೆಗೋಡೆಯ ಮುಂದೆ ನಿಂತವರಿಗೆ ಸಾಕ್ಸಾವಾಮನ್ ಚಿತ್ರ ನೆನಪಾಗದೆ ಇರದು. ಅಂಕುಡೊಂಕಾದ ಭಾರಿ ಗ್ರಾನೈಟ್ ಬಂಡೆಗಳು, ಒಂದರ ಮೂಲೆಗೆ ಇನ್ನೊಂದರ ಮೂಲೆ ಹೊಂದಿಕೊಂಡು, ಗಾರೆಯಿಲ್ಲದೆ ನಿಂತಿವೆ.

ಹೊರಗಿನಿಂದ ಸಮತಟ್ಟಾಗಿ ಕಾಣುವ ಆ ಬಂಡೆಗಳು ಒಳಗೆ ಬೆಣೆಯಂತೆ ಚೂಪಾಗಿವೆ. ಆ ಚೂಪು ತುದಿ ಹಿಂದಿನ ಮಣ್ಣು ಮತ್ತು ಕಲ್ಲುಚೂರಿನ ಗಟ್ಟಿ ತುಂಬಿನೊಳಗೆ ಹಲ್ಲು ದವಡೆಯಲ್ಲಿ ಕೂತಂತೆ ಕೂತಿದೆ. ಮಣ್ಣು ಬಂಡೆಯನ್ನು ಹಿಡಿದಿದೆ, ಬಂಡೆ ಮಣ್ಣನ್ನು ಕಾಯುತ್ತದೆ. ಇಂಕಾ ಕೆಲಸಗಾರನಿಗೂ ನಮ್ಮ ಕಲ್ಲುಕುಟಿಗನಿಗೂ ಇದ್ದ ದೊಡ್ಡ ವ್ಯತ್ಯಾಸ ಕಬ್ಬಿಣ. ನಮ್ಮವರ ಕೈಯಲ್ಲಿ ಉಕ್ಕಿನ ಮೊನೆಯ ಉಳಿ ಇತ್ತು. ಹಂಪಿಯ ಬಂಡೆಗಳ ಮೇಲೆ ಸಾಲಾಗಿ ಚೌಕದ ಕುಳಿಗಳು ಇಂದಿಗೂ ಕಾಣುತ್ತವೆ. ಪ್ರವಾಸಿಗರು ಅವನ್ನು ದಾಟಿ ಹೋಗಿಬಿಡುತ್ತಾರೆ. ಅವೇ ಬೆಣೆ ಹೊಡೆಯಲು ಕೊರೆದ ಕುಳಿಗಳು. ಸಾಲಾಗಿ ಕುಳಿ ತೋಡಿ, ಬೆಣೆಗಳನ್ನಿಟ್ಟು, ಒಂದಾದ ಮೇಲೊಂದಕ್ಕೆ ಪೆಟ್ಟು ಕೊಡುತ್ತಾ ಹೋದರೆ ಬಂಡೆ ಆ ಗೆರೆಯಲ್ಲೇ ಸೀಳುತ್ತದೆ. ಎಲ್ಲಿ ಕುಳಿ ತೋಡಬೇಕೆಂದು ತಿಳಿಯಲು ಕಲ್ಲಿನ ಎಳೆಯನ್ನು ಓದಬೇಕು. ಕೆಲವು ಬಂಡೆಗಳಲ್ಲಿ ಕುಳಿ ತೋಡಿ ಸೀಳದೆ ಬಿಟ್ಟಿದ್ದಾರೆ. ಅವು ನಮ್ಮ ನಾಡಿನ ದಣಿದ ಕಲ್ಲುಗಳು.

ಅರಮನೆ ಆವರಣದಲ್ಲಿ ಮೆಟ್ಟಿಲುಗಳ ಪುಷ್ಕರಣಿಯೊಂದಿದೆ. 1980ರ ದಶಕದ ಉತ್ಖನನದಲ್ಲಿ ಅದು ಮಣ್ಣಿನಡಿಯಿಂದ ಹೊರಬಂತು. ಅದರ ಕಲ್ಲುಗಳ ಮೇಲೆ ಗುರುತುಗಳಿವೆ. ಯಾವ ದಿಕ್ಕು, ಯಾವ ಸಾಲು, ಎಷ್ಟನೆಯ ಕಲ್ಲು ಎಂಬ ಲೆಕ್ಕ ಅದು. ಅಂದರೆ ಕಲ್ಲುಗಳನ್ನು ಮೊದಲೇ ಅಳತೆಗೆ ಕಡೆದು, ಗುರುತು ಹಾಕಿ, ತಂದು ಜೋಡಿಸಿದ್ದಾರೆ. ಇಂದು ಕಾರ್ಖಾನೆಯಲ್ಲಿ ಭಾಗಗಳನ್ನು ಮಾಡಿ ಸ್ಥಳದಲ್ಲಿ ಜೋಡಿಸುವ ಪದ್ಧತಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠವಿದೆ. ನಮ್ಮ ಮೇಸ್ತ್ರಿಗಳು ಅದನ್ನು ಅಂದೇ ಮಾಡಿ ತೋರಿಸಿದ್ದರು.

ಹೆರಾತಿನ ಸುಲ್ತಾನ ಶಾರೂಖನ ರಾಯಭಾರಿ ಅಬ್ದುರ್ ರಜಾಕ್ 1443ರಲ್ಲಿ ವಿಜಯನಗರಕ್ಕೆ ಬಂದು, ಒಂದರೊಳಗೊಂದು ಏಳು ಕೋಟೆಗಳಿದ್ದ ನಗರವೆಂದು ಬರೆದಿಟ್ಟ. ಅವನು ಬರುವ ನಾಲ್ಕು ವರ್ಷ ಮೊದಲು, 1439ರಲ್ಲಿ, ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ ಎಂಬ ಅಧಿಕಾರಿ ಅಲ್ಲಿ ಒಂದು ಮಸೀದಿ ಕಟ್ಟಿಸಿದ. ಅದರ ಕನ್ನಡ ಶಾಸನ ಅದನ್ನು ಧರ್ಮಶಾಲೆ ಎಂದು ಕರೆಯುತ್ತದೆ, ಅರಸನಿಗೆ ಪುಣ್ಯವಾಗಲಿ ಎಂದು ಕಟ್ಟಿಸಿದ್ದಾಗಿ ಹೇಳುತ್ತದೆ. ಕಟ್ಟಡಕ್ಕೆ ಗುಮ್ಮಟವಿಲ್ಲ, ಮಿನಾರ್ ಇಲ್ಲ. ಪಕ್ಕದ ದೇವಸ್ಥಾನಗಳಲ್ಲಿರುವಂಥದೇ ಕಂಬಗಳು. ಕಟ್ಟಿದ ಕೈಗಳು ಅವೇ ಇದ್ದಿರಬೇಕು. ಹಂಪಿಗೆ ಹೋದವರು ವಿರೂಪಾಕ್ಷ, ವಿಠ್ಠಲ, ಕಲ್ಲಿನ ರಥ ನೋಡಿ ಬರುತ್ತಾರೆ, ನೋಡಲೇಬೇಕು. ಜೊತೆಗೆ ಈ ಸಣ್ಣ ಕಟ್ಟಡವನ್ನೂ ನೋಡಿ ಬನ್ನಿ.

ನಮ್ಮ ತಾಲ್ಲೂಕಿನ ಕಲ್ಲು

ಪೆರುವಿಗೆ ಹೋಗಲು ಲಕ್ಷಗಟ್ಟಲೆ ಬೇಕು. ಹಂಪಿಗೆ ಒಂದು ದಿನ ಬೇಕು. ಬಂಕಾಪುರಕ್ಕೆ ಒಂದು ಬಸ್ ಟಿಕೆಟ್ ಸಾಕು. ಆದರೂ ಈ ಸಭೆಯಲ್ಲಿ ಬಂಕಾಪುರದ ಕೋಟೆಯೊಳಗೆ ಹೋಗಿ ಅರವತ್ತು ಕಂಬದ ಗುಡಿ ನೋಡಿದವರು ಕೈ ಎತ್ತಿ ಎಂದರೆ ಎಷ್ಟು ಕೈ ಮೇಲೇಳುತ್ತವೆ ನೋಡೋಣ. (ಸಭೆಯಲ್ಲಿ ಕೆಲವೇ ಕೈಗಳು.) ಚಿಂತೆಯಿಲ್ಲ. ಮುಂದಿನ ವರ್ಷ ಇದೇ ಪ್ರಶ್ನೆ ಕೇಳಿದಾಗ ಉತ್ತರ ಬೇರೆಯಾಗಿರಲಿ.

ಬಂಕಾಪುರ ಸಣ್ಣ ಊರಲ್ಲ. ರಾಷ್ಟ್ರಕೂಟ ಅಮೋಘವರ್ಷನ ದಂಡನಾಯಕ ಬಂಕೇಶನ ಹೆಸರಿನಲ್ಲಿ ಹುಟ್ಟಿದ ಊರು. ಒಂಬತ್ತು, ಹತ್ತನೆಯ ಶತಮಾನಗಳಲ್ಲಿ ಜೈನ ವಿದ್ವಾಂಸರು ನೆಲೆಸಿದ್ದ ವಿದ್ಯಾಕೇಂದ್ರ. ಗಂಗರ ಅರಸ ಮಾರಸಿಂಹ ರಾಜ್ಯ ತೊರೆದು ಬಂದು ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದು ಇಲ್ಲಿಯೇ. ಕೋಟೆಯ ಆವರಣ ಈಗ ನವಿಲುಗಳ ಧಾಮ. 2006ರಲ್ಲಿ ಸರಕಾರ ಅದನ್ನು ಘೋಷಿಸಿತು. ಆ ಆವರಣದಲ್ಲೇ ಚಾಲುಕ್ಯರ ಕಾಲದ ನಗರೇಶ್ವರ ದೇವಾಲಯವಿದೆ. ಜನ ಕರೆಯುವುದು ಅರವತ್ತು ಕಂಬದ ಗುಡಿ ಎಂದು.

ಅಲ್ಲಿನ ಕಂಬದ ಮೇಲೆ ಬೆರಳಾಡಿಸದೆ ಕಣ್ಣಾಡಿಸಿ ನೋಡಿ. ಉಂಗುರದ ಮೇಲೆ ಉಂಗುರ, ಗಂಟೆಯಾಕಾರ, ಬಿಂದಿಗೆಯಾಕಾರ, ಎಲ್ಲ ಗುಂಡಗೆ, ಒಂದೇ ನಯ. ಕೈಯಿಂದ ಕಡೆದು ಇಷ್ಟು ಗುಂಡಗೆ ಮಾಡಲು ಸಾಧ್ಯವೇ ಎಂದು ಅನಿಸುತ್ತದೆ. ಕಲ್ಲನ್ನು ತಿರುಗಿಸಿ ಉಳಿ ಹಿಡಿದು ಸವರಿದ ಕೆಲಸ ಅದು. ಕುಂಬಾರನ ತಿಗರಿಯಂತೆ, ಬಡಗಿಯ ಚರಕಿಯಂತೆ, ಇಂದಿನ ಲೇತ್ ಯಂತ್ರದಂತೆ. ಮಂಚದ ಕಾಲು, ತೊಟ್ಟಿಲ ಗುಬ್ಬಿಯನ್ನು ಬಡಗಿ ಕಡೆದಂತೆ ಟನ್ನುಗಟ್ಟಲೆ ತೂಕದ ಕಲ್ಲನ್ನು ಕಡೆದಿದ್ದಾರೆ.

ಹಂಪಿಯಲ್ಲಿ ಈ ಕೆಲಸ ಇಷ್ಟು ಕಾಣುವುದಿಲ್ಲ, ಇಲ್ಲಿ ಕಾಣುತ್ತದೆ. ಏಕೆ? ಉತ್ತರ ಕಲ್ಲಿನಲ್ಲೇ ಇದೆ. ಹಂಪಿಯದು ಗ್ರಾನೈಟ್, ಬಹಳ ಗಡಸು. ಬಾದಾಮಿ, ಪಟ್ಟದಕಲ್ಲಿನದು ಮರಳುಗಲ್ಲು. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದಾಗ ನಮ್ಮ ಭಾಗದ ಶಿಲ್ಪಿಗಳು ಬಳಪದ ಕಲ್ಲಿನ ಜಾತಿಯ ಹಸಿರುಗಪ್ಪು ಶಿಲೆಯನ್ನು ಆರಿಸಿಕೊಂಡರು. ಈ ಕಲ್ಲು ನೆಲದಿಂದ ತೆಗೆದಾಗ ಮೆದು, ಗಾಳಿ ಬಿಸಿಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ನಮ್ಮ ಕಾಲ ಕೆಳಗಿನ ನೆಲದಲ್ಲೇ ಈ ಜಾತಿಯ ಶಿಲೆಗಳಿವೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಈ ಶಿಲಾಸಮೂಹಕ್ಕೆ ಧಾರವಾಡದ ಹೆಸರನ್ನೇ ಇಟ್ಟ. 1997ರವರೆಗೆ ನಾವೂ ಧಾರವಾಡ ಜಿಲ್ಲೆಯವರೇ ಆಗಿದ್ದೆವಲ್ಲ. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ನಮ್ಮ ಜಿಲ್ಲೆಯ ಹೆಸರು ಕಲ್ಲಿನ ಹೆಸರಾಗಿ ನಿಂತಿದೆ. ಶಿಲ್ಪಿ ತನ್ನ ಊರಿನ ಕಲ್ಲಿನ ಗುಣ ತಿಳಿದು ಅದಕ್ಕೆ ತಕ್ಕ ಉಪಕರಣ ಮಾಡಿಕೊಂಡ. ಇಂಕಾ ಕೆಲಸಗಾರ ಮಾಡಿದ್ದೂ ಅದನ್ನೇ, ಹಂಪಿಯವ ಮಾಡಿದ್ದೂ ಅದನ್ನೇ.

ಹಾನಗಲ್ಲಿನ ವಿದ್ಯಾರ್ಥಿಗಳು ತಾರಕೇಶ್ವರ ದೇವಾಲಯದ ಒಳಗೆ ನಿಂತು ತಲೆ ಎತ್ತಿ ನೋಡಿ. ಅಷ್ಟಕೋನದ ಛಾವಣಿಯಿಂದ ಕಲ್ಲಿನ ಕಮಲವೊಂದು ತಲೆಕೆಳಗಾಗಿ ತೂಗುತ್ತದೆ. ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತನ್ನು ತುಸು ಒಳಕ್ಕೆ ಚಾಚಿ, ಸುತ್ತು ಕಿರಿದಾಗುತ್ತಾ ಹೋಗಿ ನಡುವೆ ಮುಚ್ಚುವ ಪದ್ಧತಿ ಅದು. ಮೇಲಿನ ಭಾರವೇ ಕೆಳಗಿನದನ್ನು ಬೀಳದಂತೆ ಒತ್ತಿ ಹಿಡಿಯುತ್ತದೆ. ಹಿರೇಕೆರೂರಿನವರಿಗೆ ನೆರೆಯ ಬಳ್ಳಿಗಾವಿ ಇದೆ. ಅಲ್ಲಿಂದ ದಾಸೋಜ ಮತ್ತು ಅವನ ಮಗ ಚಾವಣ ಎಂಬ ಶಿಲ್ಪಿಗಳು ಬೇಲೂರಿಗೆ ಹೋಗಿ ಅಲ್ಲಿನ ಶಿಲ್ಪಗಳ ಕೆಳಗೆ ತಮ್ಮ ಹೆಸರು ಕೆತ್ತಿದ್ದಾರೆ. ಹೊಯ್ಸಳರ ಈ ದೇವಾಲಯಗಳನ್ನು ಯುನೆಸ್ಕೊ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ನಮ್ಮ ನೆರೆಯೂರಿನ ಅಪ್ಪ ಮಗನಿಗೂ ಅದರಲ್ಲಿ ಪಾಲು ಸಂದಿತು.

ಲಕ್ಷ್ಮೇಶ್ವರ ದೂರವಿಲ್ಲ. ಅಲ್ಲಿನ ಜುಮ್ಮಾ ಮಸೀದಿ 1617ರಲ್ಲಿ ಆದಿಲ್‌ಶಾಹಿ ಅಧಿಕಾರಿ ಅಂಕುಶ್ ಖಾನ್ ಕಟ್ಟಿಸಿದ್ದು. ಅಲ್ಲಿ ಕಲ್ಲಿನ ಸರಪಳಿ ತೂಗುತ್ತದೆ. ಕೊಂಡಿಗಳನ್ನು ಬೇರೆ ಬೇರೆ ಮಾಡಿ ಸೇರಿಸಲು ಕಲ್ಲು ಕಬ್ಬಿಣವಲ್ಲ. ಒಂದೇ ಕಲ್ಲಿನೊಳಗಿನಿಂದ ಎಲ್ಲ ಕೊಂಡಿಗಳನ್ನೂ ಬಿಡಿಸಿಕೊಳ್ಳಬೇಕು. ಒಂದು ಕೊಂಡಿ ಮುರಿದರೆ ಎಲ್ಲ ಹೋಯಿತು. ತಮಿಳುನಾಡಿನ ಕಾಂಚೀಪುರದ ವರದರಾಜ ದೇವಾಲಯದ ಮಂಟಪದಲ್ಲೂ ಇಂಥ ಸರಪಳಿಗಳಿವೆ. ಉಳಿ ಹಿಡಿದವನು ಎಲ್ಲಿ ಕೆಲಸ ಸಿಕ್ಕಿತೋ ಅಲ್ಲಿ ತನ್ನ ವಿದ್ಯೆಯನ್ನು ತೋರಿಸಿದ.

ವಿಜಾಪುರದಲ್ಲಿ ಕಲ್ಲಿನ ಜೊತೆಗೆ ಸುಣ್ಣದ ಗಾರೆಯ ವಿದ್ಯೆ ಶಿಖರ ಮುಟ್ಟಿತು. ಇಬ್ರಾಹಿಂ ರೋಜಾದ ಒಳಗಿನ ಚಪ್ಪಟೆ ಛಾವಣಿಗೆ ಕೆಳಗೆ ಕಂಬವಿಲ್ಲ, ತೊಲೆಯಿಲ್ಲ. ಕಲ್ಲಿನ ಹಲಗೆಗಳನ್ನು ಗಾರೆಯ ಬಲದಿಂದಲೇ ಹಿಡಿದು ನಿಲ್ಲಿಸಿದ್ದಾರೆ. 1656ರ ಹೊತ್ತಿಗೆ ಕಟ್ಟಿದ ಗೋಲಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಗಾರೆಯಿಲ್ಲದ ಬಂಕಾಪುರಕ್ಕೂ ಗಾರೆಯೇ ಪ್ರಾಣವಾದ ವಿಜಾಪುರಕ್ಕೂ ಪದ್ಧತಿ ಬೇರೆ. ಎರಡನ್ನೂ ಒಂದೇ ಪ್ರವಾಸದಲ್ಲಿ ನೋಡಿದ ವಿದ್ಯಾರ್ಥಿಗೆ ಕಟ್ಟಡ ಶಾಸ್ತ್ರದ ಅರ್ಧ ಪಾಠ ಆದಂತೆ.

ಒಂದು ಕಷ್ಟದ ಮಾತು

ಬಂಧುಗಳೇ, ಬಂಕಾಪುರದ ಬಗ್ಗೆ ಮಾತಾಡುವಾಗ ಒಂದು ಸಂಗತಿಯನ್ನು ಬಿಟ್ಟು ಹೋಗಲು ಮನಸ್ಸಾಗುವುದಿಲ್ಲ. 1570ರ ದಶಕದಲ್ಲಿ ಅಲಿ ಆದಿಲ್ ಶಾ ದೀರ್ಘ ಮುತ್ತಿಗೆಯ ನಂತರ ಈ ಕೋಟೆಯನ್ನು ಗೆದ್ದ. ಕೋಟೆಯೊಳಗಿನ ಒಂದು ಭವ್ಯ ದೇವಾಲಯವನ್ನು ಕೆಡವಿಸಿ ಆ ಜಾಗದಲ್ಲಿ ಮಸೀದಿಗೆ ಅಡಿಗಲ್ಲು ಹಾಕಿದನೆಂದು ಇತಿಹಾಸಕಾರ ಫಿರಿಷ್ತಾ ಬರೆದಿದ್ದಾನೆ. ಫಿರಿಷ್ತಾ ವಿಜಾಪುರದ ದರಬಾರಿನ ಆಶ್ರಯದಲ್ಲಿದ್ದವನು. ಅಂದರೆ ಇದು ವಿರೋಧಿಗಳು ಹೊರಿಸಿದ ಆರೋಪವಲ್ಲ.

ಇದನ್ನು ನಾವು ಮುಚ್ಚಿಡಬೇಕಾಗಿಲ್ಲ, ಸಮರ್ಥಿಸಬೇಕಾಗಿಯೂ ಇಲ್ಲ. ಅಂದಿನ ಅರಸರ ಯುದ್ಧದ ಲೆಕ್ಕವನ್ನು ಇಂದು ಶಾಲೆಗೆ ಹೋಗುವ ಮಕ್ಕಳ ಹೆಸರಿಗೆ ಬರೆಯುವುದೂ ನ್ಯಾಯವಲ್ಲ. ಸ್ಪೇನಿನವರು 1533ರಲ್ಲಿ ಕುಸ್ಕೊ ಹಿಡಿದ ಮೇಲೆ ಸಾಕ್ಸಾವಾಮನ್ ಕಲ್ಲುಗಳನ್ನು ಕಿತ್ತು ಮನೆ, ಚರ್ಚುಗಳನ್ನು ಕಟ್ಟಿದರು. 1565ರ ಯುದ್ಧದ ನಂತರ ಹಂಪಿ ಹಾಳಾಯಿತು. ಗೆದ್ದವರು ಕೆಡವಿದ ಕಥೆ ಎಲ್ಲ ನಾಡುಗಳಲ್ಲೂ ಇದೆ. ಆದರೆ ಇಂದು ಅರವತ್ತು ಕಂಬದ ಗುಡಿಯ ಮುಂದೆ ನಿಂತಾಗ ಇದು ನಮ್ಮದಲ್ಲ, ನಮಗೇಕೆ ಎಂದು ನಮ್ಮ ಹುಡುಗನೊಬ್ಬ ಹೇಳಿದರೆ, ಅಥವಾ ಲಕ್ಷ್ಮೇಶ್ವರದ ಮಸೀದಿ ಮುಂದೆ ನಿಂತು ಇನ್ನೊಬ್ಬರ ಹುಡುಗ ಅದೇ ಮಾತು ಹೇಳಿದರೆ, ನಷ್ಟ ಇಬ್ಬರಿಗೂ. ಆ ಕಂಬ ಕಡೆದವನು ಇದೇ ನೆಲದ ನೀರು ಕುಡಿದವನು. ಇದೇ ವರದಾ ನದಿಯ ಜೋಳ ತಿಂದವನು. ಅವನ ವಿದ್ಯೆಗೆ ಈ ಜಿಲ್ಲೆಯ ಪ್ರತಿಯೊಂದು ಮಗುವೂ ವಾರಸುದಾರ.

ಇಂದು ಕಲ್ಲಿಗೆ ಬಂದ ಅಪಾಯ

ಈಗ ದಂಡು ಕಟ್ಟಿಕೊಂಡು ಬಂದು ಕೆಡವುವ ಅರಸರಿಲ್ಲ. ಅಪಾಯ ಬೇರೆ ರೂಪದಲ್ಲಿದೆ. 2019ರ ಫೆಬ್ರವರಿಯಲ್ಲಿ ಹಂಪಿಯ ಕಂಬವೊಂದನ್ನು ಯುವಕರು ತಳ್ಳಿ ಬೀಳಿಸುವ ವಿಡಿಯೋ ಎಲ್ಲೆಡೆ ಹರಡಿತು. ನಾಲ್ವರು ಯುವಕರ ಬಂಧನವಾಯಿತು. ನ್ಯಾಯಾಲಯ ಒಬ್ಬೊಬ್ಬರಿಗೆ 70,000 ರೂಪಾಯಿ ದಂಡ ಹಾಕಿ, ಬೀಳಿಸಿದ ಕಂಬವನ್ನು ಅವರಿಂದಲೇ ಎತ್ತಿ ನಿಲ್ಲಿಸಲು ಹೇಳಿತು. ಬೀಳಿಸಲು ಕೆಲವೇ ಕ್ಷಣ ಸಾಕಾಗಿತ್ತು. ನಿಲ್ಲಿಸುವಾಗ ಕಲ್ಲಿನ ಭಾರವೇನೆಂದು ಅವರಿಗೆ ಗೊತ್ತಾಗಿರಬೇಕು. ನನ್ನ ಮಟ್ಟಿಗೆ ಅದು ದಂಡಕ್ಕಿಂತ ಒಳ್ಳೆಯ ಶಿಕ್ಷೆ, ಒಳ್ಳೆಯ ಶಿಕ್ಷಣ. 2025ರ ಫೆಬ್ರವರಿಯಲ್ಲಿ ಕುಸ್ಕೊದ ಹನ್ನೆರಡು ಮೂಲೆಯ ಕಲ್ಲಿಗೂ ಒಬ್ಬಾತ ಸುತ್ತಿಗೆಯಿಂದ ಹೊಡೆದು ಚಕ್ಕೆ ಎಬ್ಬಿಸಿದ. ಭೂಕಂಪಗಳನ್ನು ತಡೆದುಕೊಂಡ ಕಲ್ಲು ಒಬ್ಬ ಅವಿವೇಕಿಯ ಕೈಯಲ್ಲಿ ಗಾಯಗೊಂಡಿತು.

ನಮ್ಮಲ್ಲಿ ಗುಡಿ, ಗೋರಿ, ಕೋಟೆ ಯಾವುದನ್ನೂ ಬಿಡದೆ ಹೆಸರು ಗೀಚುತ್ತಾರೆ. ಹೃದಯದ ಚಿತ್ರ ಬಿಡಿಸಿ ಬಾಣ ಹೊಡೆಯುತ್ತಾರೆ. ದಾಸೋಜ ತನ್ನ ಹೆಸರನ್ನು ಕಲ್ಲಿನ ಮೇಲೆ ಬರೆದ, ನಿಜ. ಆ ಶಿಲ್ಪವನ್ನು ಕಡೆದ ಮೇಲೆ ಬರೆದ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದವರಿಗೆ 2010ರಲ್ಲಿ ತಿದ್ದುಪಡಿಯಾದ ಕಾನೂನಿನ ಪ್ರಕಾರ ಎರಡು ವರ್ಷದವರೆಗೆ ಸೆರೆಮನೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಕಾನೂನಿನ ಭಯಕ್ಕಿಂತ ತಿಳಿವಳಿಕೆಯ ನಾಚಿಕೆ ಒಳ್ಳೆಯದು.

ಇನ್ನೊಂದು ಅಪಾಯ ಇದಕ್ಕಿಂತ ಮೌನವಾದದ್ದು. ಕಲ್ಲಿನ ಕೆಲಸ ಮಾಡುವ ಕೈಗಳೇ ಕಡಿಮೆಯಾಗುತ್ತಿವೆ. ಬೀಸುವ ಕಲ್ಲಿಗೆ ಮುಳ್ಳು ಹಾಕಿಸ್ತೀರೇನ್ರೀ ಎಂದು ಕೂಗುತ್ತಾ ಓಣಿಗೆ ಬರುತ್ತಿದ್ದವರನ್ನು ಇಲ್ಲಿರುವ ಹಿರಿಯರು ನೋಡಿದ್ದೀರಿ. ಮಿಕ್ಸರ್ ಬಂದ ಮೇಲೆ ಆ ಕೂಗು ನಿಂತಿತು. ಬಾವಿ ತೋಡಿ, ಕೆರೆಯ ಏರಿಗೆ ಕಲ್ಲು ಕಟ್ಟಿ, ಮನೆಗೆ ಅಡಿಪಾಯ ಹಾಕಿದ ವಡ್ಡರ, ಭೋವಿ ಸಮುದಾಯದ ಕುಟುಂಬಗಳ ಮಕ್ಕಳು ಬೇರೆ ಕೂಲಿ ಹುಡುಕಿಕೊಂಡು ಹೋಗಿದ್ದಾರೆ. ಹೋಗಲಿ, ಓದಲಿ, ಒಳ್ಳೆಯ ಕೆಲಸ ಹಿಡಿಯಲಿ. ಕಲ್ಲುಗಣಿಯ ಧೂಳಿನಿಂದ ಬರುವ ಸಿಲಿಕೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ವಾಸಿಮಾಡುವ ಮದ್ದಿಲ್ಲ. ನೀರು ಚಿಮುಕಿಸಿ ಕೊರೆಯುವುದು, ಮುಖಕ್ಕೆ ಸರಿಯಾದ ಮಾಸ್ಕ್ ಕಟ್ಟುವುದು, ಇಷ್ಟು ಮಾಡಿದರೆ ಬಹಳ ಮಟ್ಟಿಗೆ ತಡೆಯಬಹುದು. ಸಾವಿರ ವರ್ಷ ಹಿಂದಿನ ಕಲ್ಲುಕುಟಿಗನನ್ನು ಹೊಗಳುತ್ತಾ ಇಂದಿನ ಕಲ್ಲುಕುಟಿಗನ ಕೆಮ್ಮನ್ನು ಕೇಳಿಸಿಕೊಳ್ಳದಿದ್ದರೆ ನಮ್ಮ ಮೆಚ್ಚುಗೆ ಬರೀ ಬಾಯಿಮಾತು.

ವಿದ್ಯಾರ್ಥಿಗಳಿಗೆ ನನ್ನ ಕೋರಿಕೆ

ಮಿತ್ರರೇ, ಬೆರಗು ಎರಡು ಬಗೆಯದು. ಇದನ್ನು ಮನುಷ್ಯರು ಮಾಡಲು ಸಾಧ್ಯವೇ ಇಲ್ಲ ಎಂದು ಕೈಮುಗಿದು ಹಿಂತಿರುಗುವ ಬೆರಗು ಒಂದು. ಇದನ್ನು ನನ್ನಂಥ ಮನುಷ್ಯನೇ ಮಾಡಿದನಲ್ಲ, ಹೇಗೆ ಮಾಡಿದ ಎಂದು ಹತ್ತಿರ ಹೋಗುವ ಬೆರಗು ಇನ್ನೊಂದು. ಮೊದಲನೆಯದು ಸುಲಭ, ಅದರಲ್ಲಿ ಕಲಿಯಲು ಏನೂ ಇಲ್ಲ. ಎರಡನೆಯದರಿಂದಲೇ ವಿದ್ಯೆ ಆರಂಭವಾಗುತ್ತದೆ.

ಆದ್ದರಿಂದ ನಾಲ್ಕು ಮಾತು ಹೇಳಿ ಮುಗಿಸುತ್ತೇನೆ. ಒಂದು, ಈ ವರ್ಷ ಪ್ರತಿಯೊಬ್ಬರೂ ತಮ್ಮ ತಾಲ್ಲೂಕಿನ ಒಂದಾದರೂ ಹಳೆಯ ಕಟ್ಟಡವನ್ನು ನೋಡಿ. ಗುಡಿಯಾಗಲಿ, ಬಸದಿಯಾಗಲಿ, ಮಸೀದಿಯಾಗಲಿ, ಕೋಟೆಯಾಗಲಿ, ಕೆರೆಯ ತೂಬಾಗಲಿ, ಪ್ರಾರ್ಥನಾ ಸ್ಥಳವಾದರೆ ಅಲ್ಲಿನ ರೀತಿ ರಿವಾಜಿಗೆ ತಕ್ಕಂತೆ ನಡೆದುಕೊಂಡು ನೋಡಿ. ಎರಡು, ಸೆಲ್ಫಿ ತೆಗೆಯುವ ಮುಂಚೆ ಹತ್ತು ನಿಮಿಷ ಸುಮ್ಮನೆ ನೋಡಿ. ಕಲ್ಲು ಯಾವ ಜಾತಿ, ಸಂದು ಎಲ್ಲಿದೆ, ಗಾರೆ ಇದೆಯೇ, ಉಳಿಯ ಗುರುತು ಯಾವ ಕಡೆಗೆ ಹೋಗಿದೆ, ಭಾರ ಎಲ್ಲಿಂದ ಎಲ್ಲಿಗೆ ಇಳಿಯುತ್ತದೆ ಎಂದು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮೂರು, ಊರಿನಲ್ಲಿ ಕಲ್ಲಿನ ಕೆಲಸ ಬಲ್ಲ ಹಿರಿಯರಿದ್ದರೆ ಅವರ ಬಳಿ ಕುಳಿತು ಉಪಕರಣಗಳ ಹೆಸರು, ಕಲ್ಲು ಸೀಳುವ ಕ್ರಮ ಕೇಳಿ ಬರೆದಿಡಿ. ಇಲ್ಲೇ ಇರುವ ಜಾನಪದ ವಿಶ್ವವಿದ್ಯಾಲಯಕ್ಕೂ ಅಂಥ ಮಾಹಿತಿ ಬೇಕು. ಚಾಣ, ಉಳಿ, ಹಾರೆ, ಬೆಣೆ ಇಂಥ ಪದಗಳು ಅವರ ಜೊತೆಗೇ ಮಣ್ಣಾಗಬಾರದು. ನಾಲ್ಕು, ಕಟ್ಟಡದ ಕಲ್ಲಿನ ಚೂರನ್ನೂ ಮನೆಗೆ ತರಬೇಡಿ, ಗೀಚಬೇಡಿ, ಗೀಚುವವನನ್ನು ತಡೆಯಿರಿ.

ನಿಮ್ಮಲ್ಲಿ ಯಾರೋ ಒಬ್ಬರು ಇಂಜಿನಿಯರ್ ಆಗುತ್ತೀರಿ, ಒಬ್ಬರು ಪುರಾತತ್ವ ಇಲಾಖೆಗೆ ಹೋಗಬಹುದು, ಒಬ್ಬರು ಮೇಸ್ತ್ರಿ ಆಗಬಹುದು. ಮೇಸ್ತ್ರಿ ಆದವರು ತಲೆ ತಗ್ಗಿಸಬೇಕಾಗಿಲ್ಲ. ನಾವು ಇಷ್ಟು ಹೊತ್ತು ಮಾತಾಡಿದ್ದು ಮೇಸ್ತ್ರಿಗಳ ಬಗ್ಗೆಯೇ. ಅರಸರ ಹೆಸರುಗಳು ಪರೀಕ್ಷೆಗೆ ಬೇಕು, ನೆನಪಿಟ್ಟುಕೊಳ್ಳಿ. ಕಟ್ಟಿದವರ ಕೆಲಸ ಬದುಕಿಗೆ ಬೇಕು, ಅದನ್ನು ಹೋಗಿ ನೋಡಿ.